ಕರಾವಳಿಯಲ್ಲಿ ಮಾಲ್ಡಿ-ಟಾಫ್ ಸೇವೆ: ವೇಗಕ್ಕೆ ಪೂರ್ಣ ಅಂಕ, ಲೈಬ್ರರಿ ಮಾತ್ರ ಕೇಳಿ ನೋಡಿ

ರೋಗಿಯ ಸ್ಯಾಂಪಲ್ ಬೆಳೆಸುವ ಕಲ್ಚರ್ ಪ್ಲೇಟಿನಲ್ಲಿ ಕಾಲೊನಿ (ಬ್ಯಾಕ್ಟೀರಿಯಾಗಳ ಗುಂಪು) ಬಂದ ಮೇಲೂ ಅದು ಯಾವ ಬ್ಯಾಕ್ಟೀರಿಯಾ ಎಂದು ತಿಳಿಯಲು ಹಳೆಯ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಇನ್ನೊಂದು ದಿನ ಬೇಕು. ಮಂಗಳೂರು, ಮಣಿಪಾಲದ ದೊಡ್ಡ ಲ್ಯಾಬ್‌ಗಳ ಮಾಲ್ಡಿ-ಟಾಫ್ ಮಾಸ್ ಸ್ಪೆಕ್ಟ್ರೋಮೀಟರ್‌ಗೆ, ಅಂದರೆ ಪ್ರೋಟೀನುಗಳ ತೂಕ ನೋಡಿ ಸೂಕ್ಷ್ಮಜೀವಿಯನ್ನು ಗುರುತಿಸುವ ಯಂತ್ರಕ್ಕೆ, ಕೆಲವೇ ನಿಮಿಷ ಸಾಕು. ಐಸಿಯು ರೋಗಿಯ ಮಟ್ಟಿಗೆ ಆ ಒಂದು ದಿನ ದೊಡ್ಡದು.

ಕೆಲಸ ಸರಳ. ಕಡ್ಡಿಯ ತುದಿಯಲ್ಲಿ ಕಾಲೊನಿಯ ಚೂರು ತೆಗೆದು ಸ್ಟೀಲ್ ಪ್ಲೇಟಿಗೆ ತೆಳ್ಳಗೆ ಸವರಬೇಕು, 1 ಮೈಕ್ರೋಲೀಟರ್ ಮ್ಯಾಟ್ರಿಕ್ಸ್ (ಲೇಸರ್ ಶಕ್ತಿ ಹೀರುವ ರಾಸಾಯನಿಕ) ಹಾಕಿ ಒಣಗಿಸಬೇಕು. ಯೀಸ್ಟ್‌ನ ಕೋಶಭಿತ್ತಿ ಗಟ್ಟಿ, ಅದಕ್ಕೆ ಮೊದಲು 70% ಫಾರ್ಮಿಕ್ ಆಸಿಡ್ 1 ಮೈಕ್ರೋಲೀಟರ್. ಲೇಸರ್ ಬಿದ್ದಾಗ ಹಾರುವ ಪ್ರೋಟೀನುಗಳಲ್ಲಿ ಹಗುರದವು ಬೇಗ, ಭಾರದವು ತಡವಾಗಿ ಡಿಟೆಕ್ಟರ್ ಮುಟ್ಟುತ್ತವೆ. 2,000ದಿಂದ 20,000 ಡಾಲ್ಟನ್ (ಅಣುವಿನ ತೂಕದ ಅಳತೆ) ನಡುವಿನ ಆ ಗುರುತನ್ನು, ಅಂದರೆ ಹೆಚ್ಚಾಗಿ ರೈಬೋಸೋಮ್ ಪ್ರೋಟೀನುಗಳನ್ನು, ಯಂತ್ರ ತನ್ನ ಲೈಬ್ರರಿಗೆ, ಅಂದರೆ ಮೊದಲೇ ಸಂಗ್ರಹಿಸಿಟ್ಟ ಗುರುತುಗಳಿಗೆ, ಹೋಲಿಸಿ ಎಷ್ಟು ಹೊಂದಿತೆಂದು ಅಂಕ ಕೊಡುತ್ತದೆ. ಬಯೋಟೈಪರ್ ಎಂಬ ಬ್ರ್ಯಾಂಡಿನ ಯಂತ್ರ ಆದರೆ 2.0 ಮತ್ತು ಮೇಲಿನ ಅಂಕಕ್ಕೆ ಪ್ರಭೇದದ ಹೆಸರು ನಂಬಬಹುದು, 1.7ಕ್ಕಿಂತ ಕೆಳಗಿದ್ದರೆ ಮತ್ತೆ ಮಾಡಬೇಕು. ದಪ್ಪಗೆ ಸವರಿದರೆ, ಎರಡು ಕಾಲೊನಿ ಬೆರೆತರೆ ಅಂಕ ಬೀಳುತ್ತದೆ. ಹತ್ತಿರದ ನೆಂಟರಾದ ಇ. ಕೊಲೈ ಮತ್ತು ಶಿಗೆಲ್ಲಾ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಲು ಇದನ್ನೇ ನೆಚ್ಚಿಕೊಳ್ಳಬಾರದು.

ನಮ್ಮೂರಿಗೆ ನಿಜವಾದ ಪರೀಕ್ಷೆ ಮಳೆಗಾಲದಲ್ಲಿ. ಗದ್ದೆಯ ಕೆಸರಿನಿಂದ ಬರುವ, ಶುಗರ್ ಇದ್ದವರನ್ನು ಹೆಚ್ಚು ಕಾಡುವ ಮೆಲಿಯಾಯ್ಡೋಸಿಸ್ ಎಂಬ ಸೋಂಕಿಗೆ ಕಾರಣ ಬರ್ಕೋಲ್ಡೇರಿಯಾ ಸ್ಯೂಡೋಮಲೈ ಎಂಬ ಬ್ಯಾಕ್ಟೀರಿಯಾ. ಲೈಬ್ರರಿಯಲ್ಲಿ ಅದರ ಗುರುತು ಇಲ್ಲದಿದ್ದರೆ ಯಂತ್ರ ಅದರ ನಿರುಪದ್ರವಿ ನೆಂಟ ಬರ್ಕೋಲ್ಡೇರಿಯಾ ಥೈಲ್ಯಾಂಡೆನ್ಸಿಸ್ ಹೆಸರು ಕೊಡಬಹುದು, ಅದೂ ಒಳ್ಳೆಯ ಅಂಕದೊಡನೆ. ಕರಾವಳಿಯ ರೋಗಿಯ ವರದಿಯಲ್ಲಿ ಆ ಹೆಸರು ಕಂಡರೆ ಸ್ಯೂಡೋಮಲೈ ಎಂದೇ ಹಿಡಿದು ಮುಂದುವರಿಯುವುದು ಕ್ಷೇಮ. ಆಕ್ಸಿಡೇಸ್ ಪರೀಕ್ಷೆಯಲ್ಲಿ ಪಾಸಿಟಿವ್, ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಆ್ಯಂಟಿಬಯಾಟಿಕ್‌ಗಳಿಗೆ ಜಗ್ಗದ, ಅಮಾಕ್ಸಿಕ್ಲಾವ್‌ಗೆ ಮಣಿಯುವ ಕಾಲೊನಿ ಆದರೆ ಸಂಶಯ ಇನ್ನೂ ಗಟ್ಟಿ. ಲ್ಯಾಟೆಕ್ಸ್ ಪರೀಕ್ಷೆ ಅಥವಾ ಪಿಸಿಆರ್‌ನಿಂದ (ಡಿಎನ್‌ಎ ಪರೀಕ್ಷೆ) ಖಚಿತಪಡಿಸಬೇಕು. ಇಲ್ಲಿ ತಪ್ಪಿದರೆ ಚಿಕಿತ್ಸೆಯೇ ತಪ್ಪುತ್ತದೆ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಕನಿಷ್ಠ 10–14 ದಿನ, ಆಮೇಲೆ ಕನಿಷ್ಠ 3 ತಿಂಗಳು ಕೋ-ಟ್ರೈಮಾಕ್ಸಜೋಲ್ ಬೇಕಾದ ಕಾಯಿಲೆ ಇದು.

ಹಾಗಾಗಿ ಸ್ಯಾಂಪಲ್ ಕಳಿಸುವ ಮೊದಲು ಲ್ಯಾಬ್‌ಗೆ ಫೋನ್ ಮಾಡಿ, ಲೈಬ್ರರಿಯಲ್ಲಿ ಸ್ಯೂಡೋಮಲೈ ಇದೆಯೇ ಎಂದು ನೇರವಾಗಿ ಕೇಳಿ. ರಿಕ್ವೆಸ್ಟ್ ಫಾರಂನಲ್ಲಿ ‘ಮೆಲಿಯಾಯ್ಡೋಸಿಸ್ ಶಂಕೆ’ ಎಂದು ಬರೆಯಿರಿ. ಆಗ ಟೆಕ್ನಿಶಿಯನ್ ಪ್ಲೇಟನ್ನು ಸುರಕ್ಷತಾ ಕ್ಯಾಬಿನೆಟ್ ಒಳಗೇ ತೆರೆಯುತ್ತಾರೆ, ಬ್ಯಾಕ್ಟೀರಿಯಾವನ್ನು ಎಥನಾಲ್‌ನಲ್ಲಿ ಕೊಂದ ಮೇಲೆ ಯಂತ್ರಕ್ಕೆ ಹಾಕುತ್ತಾರೆ, ಮರುದಿನ ಏನೂ ಕಾಣಲಿಲ್ಲವೆಂದು ಪ್ಲೇಟ್ ಎಸೆಯುವುದಿಲ್ಲ.