ಓಡುವ ಮನೆಯೋ, ಎಳೆಯುವ ಮನೆಯೋ? ಯೆಲ್ಲೋಸ್ಟೋನ್‌ಗೆ ಎರಡು ಬೇಸಿಗೆ

ಡೆನ್ವರ್‌ನಿಂದ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಎರಡು ಬೇಸಿಗೆ ಹೋಗಿ ಬಂದೆವು. ಮೊದಲ ಸಲ ಬಾಡಿಗೆಗೆ ತಂದ 25 ಅಡಿಯ ಮೋಟರ್‌ಹೋಮ್, ಅಂದರೆ ಇಂಜಿನ್ ಸಮೇತ ತಾನೇ ಓಡುವ ಮನೆ. ಎರಡನೇ ಸಲ ಗೆಳೆಯನ ಪಿಕಪ್ ಟ್ರಕ್, ಅದರ ಬೆನ್ನಿಗೆ 22 ಅಡಿಯ ಟ್ರಾವೆಲ್ ಟ್ರೈಲರ್, ಅಂದರೆ ಇಂಜಿನ್ ಇಲ್ಲದ, ಎಳೆದೊಯ್ಯುವ ಮನೆ. ದಾರಿ ಎರಡೂ ಸಲ ಒಂದೇ: ಲಾರಮಿ, ರಾಲಿನ್ಸ್, ಲ್ಯಾಂಡರ್, ಆಮೇಲೆ 9,600 ಅಡಿಗೂ ಎತ್ತರದ ಟೋಗೊಟಿ ಘಾಟಿ ಹತ್ತಿಳಿದು ಗ್ರ್ಯಾಂಡ್ ಟೀಟನ್ ಪಾರ್ಕ್ ಮೂಲಕ. ಜನವೂ ಅಷ್ಟೇ: ನಾವಿಬ್ಬರು, ಇಬ್ಬರು ಮಕ್ಕಳು, ಮಂಡ್ಯದ ಕಡೆಯಿಂದ ಬಂದ ಅಪ್ಪ.

ಓಡಿಸುವುದಕ್ಕೆ ಮೋಟರ್‌ಹೋಮೇ ಸಲೀಸು, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ವ್ಯಾನ್ ಓಡಿಸಿದ ಹಾಗೆ. ಮಕ್ಕಳು ಬೆಲ್ಟ್ ಹಾಕಿಕೊಂಡು ಊಟದ ಮೇಜಿನ ಹತ್ತಿರ ಇಸ್ಪೀಟ್ ಆಡುತ್ತಾ ಬಂದರು. ಟ್ರೈಲರ್ ಒಳಗೆ ಓಡುವಾಗ ಯಾರೂ ಕೂರುವ ಹಾಗಿಲ್ಲ. ಐದೂ ಜನ ಪಿಕಪ್‌ನಲ್ಲೇ, ಮೊಣಕೈಗೆ ಮೊಣಕೈ ತಾಗಿಸಿಕೊಂಡು.

ಟ್ರೈಲರ್ ನಮ್ಮನ್ನು ಹೆದರಿಸಿದ್ದು ಎಲ್ಕ್ ಮೌಂಟನ್ ಹತ್ತಿರ. ಐ-80 ಹೆದ್ದಾರಿಯ ಆ ಭಾಗ ಗಾಳಿಗೆ ಹೆಸರುವಾಸಿ. ತೀರಾ ಜೋರಿದ್ದ ದಿನ ಎತ್ತರದ ಹಗುರ ಗಾಡಿಗಳನ್ನು ಬಿಡುವುದೇ ಇಲ್ಲ. ನಾವು ಹೋದ ದಿನ ಗಾಳಿ ಅಷ್ಟೇನಿರಲಿಲ್ಲ. ಆದರೂ ದೊಡ್ಡ ಲಾರಿಯೊಂದು ಪಕ್ಕದಲ್ಲಿ ಭರ್ರೆಂದು ಹೋಯಿತು ನೋಡಿ, ಹಿಂದಿನ ಟ್ರೈಲರ್ ಅತ್ತಿತ್ತ ಓಲಾಡತೊಡಗಿತು. ಕಾಲು ತಾನಾಗೇ ಬ್ರೇಕಿನ ಮೇಲೆ ಹೋಗುತ್ತದೆ, ಒತ್ತಬಾರದು. ಆಕ್ಸಿಲರೇಟರ್ ಬಿಟ್ಟು, ಸ್ಟೇರಿಂಗ್ ನೆಟ್ಟಗೆ ಹಿಡಿದು, ಟ್ರೈಲರಿನದೇ ಬ್ರೇಕನ್ನು (ಅದರ ಗುಂಡಿ ಡ್ರೈವರ್ ಕೈಗೆ ಸಿಗುವಂತಿರುತ್ತದೆ) ಕೈಯಿಂದ ಮೆಲ್ಲಗೆ ಒತ್ತಬೇಕು.

ಮುಂದೆ ಒಂದು ಕಡೆ ನಿಲ್ಲಿಸಿ ನೋಡಿದರೆ ತಪ್ಪು ನನ್ನದೇ. ಸೈಕಲ್, ನೀರಿನ ಕ್ಯಾನ್, ಮಡಚುವ ಕುರ್ಚಿ, ಎಲ್ಲ ಹಿಂದಕ್ಕೆ ತುಂಬಿದ್ದೆ. ಟ್ರೈಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ಓಲಾಟ ಶುರು. ಅಪ್ಪ ನಕ್ಕರು: “ಕಬ್ಬಿನ ಲೋಡು ಹಿಂದಕ್ಕೆ ಭಾರ ಆದ್ರೆ ಟ್ರೈಲ್ರು ಮೂತಿ ಎತ್ತತದೆ ಕಣ್ಲಾ, ಅಷ್ಟೂ ಗೊತ್ತಿಲ್ವಾ?” ಸಾಮಾನೆಲ್ಲ ಮುಂದಕ್ಕೆ ಸಾಗಿಸಿದೆವು. ಗಂಟೆಗೆ 55 ಮೈಲಿ ದಾಟದೆ ಹೋದೆ. ಮತ್ತೆ ಅಂಥ ಓಲಾಟ ಬರಲಿಲ್ಲ.

ಕ್ಯಾಂಪಿನಲ್ಲಿ ರಿವರ್ಸ್ ಹೊಡೆಯುವಾಗಲೂ ಅಪ್ಪನೇ ಗುರು. ಟ್ರೈಲರ್ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ. ಮೊದಲ ಸಂಜೆ ನನಗೆ ಅರ್ಧ ಗಂಟೆ ಹಿಡಿಯಿತು. ಪಕ್ಕದ ಸೈಟಿನವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

ಆದರೆ ನಿಂತ ಮೇಲೆ ಲೆಕ್ಕ ಉಲ್ಟಾ. ಎರಡೂ ಸಲ ನಾವು ಇಳಿದಿದ್ದು ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿನಲ್ಲಿ (ಇಂಥ ಮನೆಗಾಡಿಗಳು ತಂಗುವ ಕ್ಯಾಂಪ್), ನಾಲ್ಕು ರಾತ್ರಿ. ಅಲ್ಲಿ ಗ್ರಿಜ್ಲಿ ಕರಡಿಗಳ ಓಡಾಟ, ಹಾಗಾಗಿ ಟೆಂಟ್‌ಗೆ ಅವಕಾಶವಿಲ್ಲ, ಗಟ್ಟಿ ಗೋಡೆಯ ಗಾಡಿಗಳು ಮಾತ್ರ. ಯೆಲ್ಲೋಸ್ಟೋನ್ ಒಂದೇ ಕಡೆ ಕೂತು ನೋಡುವ ಜಾಗವಲ್ಲ. ಎಂಟರ ಆಕಾರದ ಗ್ರ್ಯಾಂಡ್ ಲೂಪ್ ರಸ್ತೆಯೇ 142 ಮೈಲಿ ಇದೆ. ಮೋಟರ್‌ಹೋಮ್ ಇದ್ದಾಗ ದಿನಾ ಬೆಳಿಗ್ಗೆ ಸಂಸಾರ ಕಟ್ಟಬೇಕಿತ್ತು. ಕರೆಂಟ್ ವೈರ್ ಕಿತ್ತು, ನೀರಿನ ಪೈಪ್ ಸುತ್ತಿ, ಕೊಳಚೆ ಪೈಪ್ ತೊಳೆದಿಟ್ಟು, ಸಾಸಿವೆ ಡಬ್ಬಿ ಉರುಳದ ಹಾಗೆ ಸಿಕ್ಕಿಸಿ ಹೊರಡುವಷ್ಟರಲ್ಲಿ ಹತ್ತು ಗಂಟೆ. ಗ್ರ್ಯಾಂಡ್ ಪ್ರಿಸ್ಮಾಟಿಕ್ ಬಿಸಿನೀರಿನ ಬುಗ್ಗೆ ಹತ್ತಿರ ಎರಡು ಸುತ್ತು ಹೊಡೆದರೂ ನಿಲ್ಲಿಸಲು ಜಾಗ ಸಿಗಲಿಲ್ಲ. ಕಿಟಕಿಯಿಂದಲೇ ಆವಿ ನೋಡಿ ಮುಂದೆ ಹೋದೆವು. ಸಿಟ್ಟು ಬರಲ್ವಾ?

ಟ್ರೈಲರ್ ತಂದ ವರ್ಷ ಅದನ್ನು ಕ್ಯಾಂಪಿನಲ್ಲೇ ಬಿಚ್ಚಿಟ್ಟು ಪಿಕಪ್‌ನಲ್ಲಿ ಸುತ್ತಿದೆವು. ಐದೂವರೆಗೆ ಎದ್ದು, ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಹೊರಟರೆ ಬೆಳಕು ಹರಿಯುವಾಗ ಹೇಡನ್ ವ್ಯಾಲಿ. ಮಂಜಿನ ನಡುವೆ ಕಾಡೆಮ್ಮೆಗಳ ಹಿಂಡು ರಸ್ತೆಗೆ ಅಡ್ಡ. ಒಂದು ನಮ್ಮ ಬಾನೆಟ್ ಪಕ್ಕದಲ್ಲೇ ಹಾದುಹೋಯಿತು. ಅದರ ಉಸಿರಿನ ಶಬ್ದ ಕಿಟಕಿ ಮುಚ್ಚಿದ್ದರೂ ಕೇಳಿಸಿತು. ಏಳೂವರೆಗೆಲ್ಲ ಪ್ರಿಸ್ಮಾಟಿಕ್ ಹತ್ತಿರ ಇದ್ದೆವು, ಜಾಗ ಬೇಕಾದಷ್ಟು.

ಅಡುಗೆಮನೆಯಲ್ಲಿ ಹೆಚ್ಚು ಕಡಿಮೆ ಇಲ್ಲ. ಒಗ್ಗರಣೆ ಹಾಕಿದರೆ ಎರಡರಲ್ಲೂ ಹೊಗೆ ಅಲಾರಂ ಕೂಗುತ್ತದೆ. ಕುಕ್ಕರ್ ಮಾತ್ರ ಮರೆಯಬೇಡಿ. ಕ್ಯಾಂಪ್ ಇರುವ 7,700 ಅಡಿ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಬರೀ ಪಾತ್ರೆಯಲ್ಲಿ ಬೇಳೆ ಬೇಗ ಬೇಯುವುದಿಲ್ಲ.

ಪೆಟ್ರೋಲ್? ಮೋಟರ್‌ಹೋಮ್ ಗ್ಯಾಲನ್‌ಗೆ 9 ಮೈಲಿ ಕೊಟ್ಟಿತು. ಟ್ರೈಲರ್ ಎಳೆಯುವಾಗ ಪಿಕಪ್ 10, ಬಿಚ್ಚಿದ ಮೇಲೆ 18. ಜೊತೆಗೆ ಮೋಟರ್‌ಹೋಮ್ ಬಾಡಿಗೆಯವರು ದಿನಕ್ಕೆ 100 ಮೈಲಿ ದಾಟಿದ್ದಕ್ಕೆಲ್ಲ ಬೇರೆ ಬಿಲ್ ಕೊಟ್ಟರು. ಸಣ್ಣಕ್ಷರ ಓದದೆ ಸಹಿ ಹಾಕಿದ್ದು ನಾನೇ ಬಿಡಿ. ದಿನಕ್ಕೊಂದು ಊರು ಅಂತ ಓಡುವವರಿಗೆ ಈಗಲೂ ಮೋಟರ್‌ಹೋಮೇ ತಗೊಳ್ಳಿ ಅಂತೀನಿ. ಮೂರು ರಾತ್ರಿಗಿಂತ ಜಾಸ್ತಿ ಒಂದೇ ಕಡೆ ಇರುವವರಿಗೆ ಅಲ್ಲ.

ಮುಂದಿನ ಬೇಸಿಗೆ ಗ್ಲೇಸಿಯರ್ ಪಾರ್ಕ್. ಅಲ್ಲಿನ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ, ಅಗಲವೂ ಕನ್ನಡಿ ಸೇರಿ 8 ಅಡಿ ಮೀರಬಾರದು. ಮೊನ್ನೆ ಟೇಪ್ ಹಿಡಿದು ಪಿಕಪ್ ಅಳೆದೆ. ಉದ್ದ 19 ಅಡಿ ಚಿಲ್ಲರೆ. ಅಗಲವನ್ನೂ ಕನ್ನಡಿ ಸೇರಿಸಿಯೇ ಅಳೆಯಬೇಕು.