ಗ್ರೈಂಡರ್ ಹಿಡಿಯೋರಿಗೆ ಯಾವ ಕನ್ನಡಕ? ಗಾಜಿನದು ಬೇಡ ಮಾರಾಯ್ರೆ

ಕಳೆದ ತಿಂಗಳು ಗೇಟಿಗೆ ಕಬ್ಬಿಣದ ಆಂಗಲ್ ಕತ್ತರಿಸುತ್ತಿದ್ದಾಗ ಕಟಿಂಗ್ ವೀಲ್ ಚೂರಾಯಿತು. ಒಂದು ತುಂಡು ನೇರ ಬಲಗಣ್ಣಿಗೇ ಬಂತು. ಗಾಗಲ್ಸ್ ಮೇಲೆ ಅಕ್ಕಿಕಾಳಿನಷ್ಟು ತಗ್ಗು ಬಿತ್ತು, ಅಷ್ಟೇ. ಅದು ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ಕಿನ ಗಾಗಲ್ಸ್. ನನ್ನ ವೋಟು ಯಾವುದಕ್ಕೆ ಅಂತ ಬೇರೆ ಹೇಳಬೇಕಾ?

ಅದಕ್ಕೂ ಮೊದಲು ಮೂರು ವರ್ಷ ಟಫನ್ಡ್ (ಹದ ಮಾಡಿ ಗಟ್ಟಿಗೊಳಿಸಿದ) ಗಾಜಿನದ್ದೇ ಹಾಕುತ್ತಿದ್ದೆ. ಬೇಗ ಗೀರು ಬೀಳುವುದಿಲ್ಲ ಅನ್ನುವುದೊಂದೇ ಆಸೆ. ಆದರೆ ಗ್ರೈಂಡರ್ ಕಿಡಿ ಅಂದರೆ ಕಾದ ಕಬ್ಬಿಣದ ಚೂರು. ಗಾಜಿಗೆ ಬಡಿದರೆ ಅಲ್ಲೇ ಅಂಟಿ ಸಣ್ಣ ಗುಳಿ ಮಾಡುತ್ತದೆ. ಪಾಲಿಕಾರ್ಬೊನೇಟಿಗೆ ಅಷ್ಟಾಗಿ ಅಂಟುವುದಿಲ್ಲ. ಗಾಜು ಬಗ್ಗುವ ಜಾತಿಯಲ್ಲ. ಪೆಟ್ಟು ಬಿದ್ದಾಗ ಎಳೆತವೆಲ್ಲ ಗುಳಿಯ ತುದಿಗೆ ಹೋಗಿ ನಿಲ್ಲುತ್ತದೆ, ಬಿರುಕು ಅಲ್ಲಿಂದಲೇ ಓಡುತ್ತದೆ. ನನ್ನದು ಮೇಜಿನಿಂದ ಬಿದ್ದೇ ಪುಡಿಯಾಯಿತು. ಮುಖದ ಮೇಲಿದ್ದಾಗ ಆಗಲಿಲ್ಲ, ಪುಣ್ಯ.

ಗಾಜು ಕೆಲಸಕ್ಕೆ ಬಾರದ್ದು ಅಂತಲ್ಲ. ಗುಂಡು ತಡೆಯುವ ಕಾರುಗಳಲ್ಲಿ ಮುಂದೆ ಗಾಜಿನ ಪದರಗಳು, ಒಳಗಡೆ ಪಾಲಿಕಾರ್ಬೊನೇಟ್ ಇರುತ್ತದೆ. ಗಟ್ಟಿ ಗಾಜು ತಾನು ಒಡೆದುಕೊಂಡೇ ಗುಂಡನ್ನು ಚಪ್ಪಟೆ ಮಾಡಿ ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ. ಹಿಂದಿನ ಪದರ ಹಿಗ್ಗಿ ಉಳಿದ ಶಕ್ತಿಯನ್ನು, ಗಾಜಿನ ಚೂರುಗಳನ್ನು ಹಿಡಿದುಕೊಳ್ಳುತ್ತದೆ. ಅಷ್ಟು ದಪ್ಪ ಮೂಗಿನ ಮೇಲೆ ಹೊರುವವರು ಯಾರು?

ವೇಗದ ಲೆಕ್ಕ ನೋಡಿ. 4 ಇಂಚಿನ ವೀಲ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 58 ಮೀಟರ್. ಸುರಕ್ಷಾ ಕನ್ನಡಕಗಳಿಗೆ ಯುರೋಪಿನ ಇಎನ್ 166 ಅನ್ನೋ ಮಾನದಂಡದ ಪರೀಕ್ಷೆಯಲ್ಲಿ 6 ಮಿ.ಮೀ. ಉಕ್ಕಿನ ಗುಂಡು ಹೊಡೆಯುತ್ತಾರೆ. ‘ಎಫ್’ ಗುರುತಿಗೆ ಸೆಕೆಂಡಿಗೆ 45 ಮೀಟರ್, ‘ಬಿ’ಗೆ 120. ಎಫ್ ಕನ್ನಡಕ ನನ್ನ ವೀಲಿಗಿಂತ ನಿಧಾನದ ಗುಂಡಿಗೆ ಪಾಸಾದದ್ದು! ಹಾಗಾಗಿ ‘ಬಿ’ ನೋಡಿಯೇ ಕೊಂಡೆ.

ಈಗ ನನ್ನ ಪೆದ್ದುತನ. ಮೊದಲ ಪಾಲಿಕಾರ್ಬೊನೇಟ್ ಗಾಗಲ್ಸ್‌ಗೆ ಪೇಂಟ್ ಹಾರಿತ್ತು. ಸುಮ್ನೆ ಥಿನ್ನರ್ ಹಾಕಿ ಒರೆಸಿದೆ. ಪೇಂಟ್ ಹೋಯಿತು, ಜೊತೆಗೆ ಮಂಜು ಹಿಡಿದ ಹಾಗಾಯಿತು. ಉಜ್ಜಿದೆ, ಸೋಪು ಹಾಕಿದೆ, ಮತ್ತೆ ಉಜ್ಜಿದೆ. ಬಿಸಿಲಿಗೆ ಹಿಡಿದು ನೋಡಿದರೆ ಅಂಚಿನಿಂದ ಜೇಡರ ಬಲೆಯಂಥ ಗೆರೆಗಳು.

ಅಚ್ಚು ಹಾಕುವಾಗಲೇ ಪ್ಲಾಸ್ಟಿಕ್ಕಿನ ಒಳಗೆ ಸ್ವಲ್ಪ ಬಿಗಿತ ಉಳಿದಿರುತ್ತದೆ. ಥಿನ್ನರ್ ಒಳಗಿಳಿದು ಅದರ ಉದ್ದುದ್ದ ಅಣು ಎಳೆಗಳ ಹಿಡಿತ ಸಡಿಲಿಸುತ್ತದೆ, ಬಿಗಿತ ಇದ್ದಲ್ಲೆಲ್ಲ ಸೀಳುತ್ತದೆ. ಹಿಗ್ಗಿ ಪೆಟ್ಟು ತಿನ್ನುವ ಗುಣವೇ ಹೋದ ಮೇಲೆ ಉಳಿಯುವುದೇನು? ಕುತೂಹಲಕ್ಕೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿದೆ. ಹಪ್ಪಳದ ಹಾಗೆ ಮುರಿಯಿತು. ಈಗ ಸೋಪು, ನೀರು, ಹಳೇ ಕಾಟನ್ ಬಟ್ಟೆ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ.

ಜಾಲರಿ ಮುಖವಾಡ: ಹುಲ್ಲು ಕೊಯ್ಯೋಕೆ ಸರಿ, ಸಣ್ಣ ಚೂರು ತೂತಲ್ಲಿ ನುಗ್ಗುತ್ತೆ.

ಫೇಸ್ ಶೀಲ್ಡ್: ಒಂದೇ ಸಾಲದು, ಗದ್ದದ ಕೆಳಗಿಂದ ಚೂರು ಬರುತ್ತೆ. ಗಾಗಲ್ಸ್ ಮೇಲೆ ಹಾಕಿದರೆ ಚೆನ್ನ.

ನನಗೆ ನಂಬರ್ ಕನ್ನಡಕ ಇದೆ, ಅದರ ಮೇಲೇ ಕೂರುವ ಗಾಗಲ್ಸ್ ಬೇಕು. ವಾರಕ್ಕೊಮ್ಮೆ ಕೆಲಸ, 500 ರೂಪಾಯಿ ದಾಟುವ ಮನಸ್ಸಿಲ್ಲ. ಅದಕ್ಕೇ ‘ಬಿ’ ಗುರುತಿನದ್ದೇ ಇನ್ನೊಂದು ತಂದು, ಥಿನ್ನರ್ ಡಬ್ಬಿಯನ್ನು ಅಟ್ಟಕ್ಕೆ ಹಾಕಿದ್ದೇನೆ.