ಬೆಲ್ಟೋ, ಸ್ಕ್ರೂವೋ? ಕಾರವಾರದ ಉಪ್ಪು ಗಾಳಿಯಲ್ಲಿ ಸಿಎನ್‌ಸಿ ಫೋಮ್ ಕಟರ್

ಮನೆಯಲ್ಲೇ ಸಿಎನ್‌ಸಿ ಹಾಟ್ ವೈರ್ ಕಟರ್ (ಕಂಪ್ಯೂಟರ್ ಹೇಳಿದಂತೆ ಬಿಸಿ ತಂತಿ ಸರಿಸಿ ಫೋಮ್ ಕತ್ತರಿಸುವ ಯಂತ್ರ) ಕಟ್ಟಲು ಹೊರಟವರು ಹೆಚ್ಚಾಗಿ ತಂತಿ ಯಾವುದು, ಸಾಫ್ಟ್‌ವೇರ್ ಯಾವುದು ಅಂತ ಕೇಳುತ್ತಾರೆ. ಕರಾವಳಿಯಲ್ಲಿ ಇರುವವರು ಮೊದಲು ಕೇಳಬೇಕಾದ್ದು ಬೇರೆ: ತಂತಿಯನ್ನು ಎಳೆದುಕೊಂಡು ಹೋಗುವುದು ಯಾವುದು? ಎಂ8 ಥ್ರೆಡೆಡ್ ರಾಡ್ (ಉದ್ದಕ್ಕೂ ಥ್ರೆಡ್ ಇರುವ 8 ಮಿ.ಮೀ. ಸರಳು), ಟಿ8 ಲೀಡ್ ಸ್ಕ್ರೂ (ಯಂತ್ರದ ಭಾಗ ಸರಿಸಲೆಂದೇ ಮಾಡಿದ ಸ್ಕ್ರೂ), ಜಿಟಿ2 ಬೆಲ್ಟ್ (ಹಲ್ಲಿರುವ ಪಟ್ಟಿ), ಮೂರನ್ನೂ ಕೋಡಿಬಾಗದ ನಮ್ಮ ಮನೆಯಲ್ಲಿ ಮಳೆಗಾಲ, ಬೇಸಿಗೆ ಎರಡರಲ್ಲೂ ಓಡಿಸಿ ನೋಡಿದ್ದೇನೆ. ನಾನು ಕತ್ತರಿಸುವುದು ಆರ್‌ಸಿ (ರಿಮೋಟಿನಲ್ಲಿ ಹಾರಿಸುವ) ಗ್ಲೈಡರಿನ ರೆಕ್ಕೆ ಮಾತ್ರ. ಅಲಂಕಾರದ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ, ಹಾಗಾಗಿ ಚೌತಿ ಮಂಟಪ ಮಾಡಿಕೊಡಿ ಅಂತ ಬಂದವರಿಗೆ ಆಗಲ್ಲ ಅಂತಲೇ ಹೇಳುತ್ತೇನೆ.

ಥ್ರೆಡೆಡ್ ರಾಡ್ ಅಗ್ಗ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಒಂದು ಸುತ್ತು ತಿರುಗಿದರೆ ನಟ್ಟು 1.25 ಮಿ.ಮೀ. ಸರಿಯುತ್ತದೆ. ಸಾಮಾನ್ಯ ನೆಮಾ 17 ಮೋಟರ್ (ಸಣ್ಣ ಸಣ್ಣ ಹೆಜ್ಜೆ, ಅಂದರೆ ಸ್ಟೆಪ್, ಇಡುತ್ತಾ ತಿರುಗುವಂಥದ್ದು), 16 ಮೈಕ್ರೋಸ್ಟೆಪ್ (ಒಂದೊಂದು ಸ್ಟೆಪ್ಪನ್ನೂ 16 ಪಾಲು ಮಾಡುವುದು) ಅಂದರೆ ಮಿಲಿಮೀಟರಿಗೆ 2560 ಸ್ಟೆಪ್. ಬಿಸಿ ತಂತಿ ತಾನೇ ಒಂದು ಮಿಲಿಮೀಟರ್ ಹತ್ತಿರ ಫೋಮ್ ಕರಗಿಸುತ್ತದೆ, ಅಷ್ಟು ಸೂಕ್ಷ್ಮ ತಗೊಂಡು ಏನು ಮಾಡುವುದು? ಮೇಲಾಗಿ ಆರ್ಡ್ವಿನೋ ಊನೋ ಎಂಬ ಚಿಕ್ಕ ಕಂಟ್ರೋಲರ್ ಬೋರ್ಡಿನಲ್ಲಿ ಜಿಆರ್‌ಬಿಎಲ್ (ಮೋಟರ್ ನಡೆಸುವ ಸಾಫ್ಟ್‌ವೇರ್) ಸೆಕೆಂಡಿಗೆ ಸುಮಾರು 30,000 ಸ್ಟೆಪ್ ಮಾತ್ರ ಕೊಡುತ್ತದೆ, ಅಂದರೆ ಸೆಕೆಂಡಿಗೆ 12 ಮಿ.ಮೀ. ಕೂಡ ದಾಟುವುದಿಲ್ಲ. ಕತ್ತರಿಸಲು ಇದು ಧಾರಾಳ ಸಾಕು, ಆದರೆ ಪ್ರತಿ ಸಲ ಶುರುವಿನ ಜಾಗಕ್ಕೆ ವಾಪಸ್ ಬರುವುದನ್ನು ಕಾಯುತ್ತಾ ಕೂರಬೇಕು.

ಇದೆಲ್ಲ ಸಹಿಸಬಹುದು. ತುಕ್ಕು ಸಹಿಸಲಿಕ್ಕಾಗದು. ಜೂನ್ ಶುರುವಾಗಿ ಕೆಲವೇ ದಿನಕ್ಕೆ ಸತುವಿನ ಲೇಪದ ರಾಡಿನಲ್ಲೂ ಥ್ರೆಡ್ಡಿನ ಅಂಚು ಕಂದು ತಿರುಗುತ್ತದೆ. ಗ್ರೀಸ್ ಹಚ್ಚಿದರೆ ಫೋಮಿನ ಪುಡಿ ಅದಕ್ಕೇ ಅಂಟಿ ಕಪ್ಪು ಮುದ್ದೆಯಾಗುತ್ತದೆ. ನಟ್ಟು ಆ ಜಾಗ ದಾಟುವಾಗ ಒಂದು ಕ್ಷಣ ಹಿಡಿದು ಬಿಡುತ್ತದೆ, ತಂತಿ ಅಷ್ಟು ಹೊತ್ತು ನಿಂತಲ್ಲೇ ಕರಗಿಸುತ್ತದೆ. ಕೈಯಾಡಿಸಿದರೆ ರೆಕ್ಕೆಯ ಮೇಲೆ ಉದ್ದಕ್ಕೂ ಒಂದು ತೆಳು ಗೀರು ಬೆರಳಿಗೆ ಸಿಗುತ್ತದೆ, ಪ್ರತಿ ರೆಕ್ಕೆಯಲ್ಲೂ ಅದೇ ಜಾಗದಲ್ಲಿ. ಶಿರಸಿಯಲ್ಲಿರುವ ಭಾವ ಇಂಥದ್ದೇ ರಾಡ್ ಹಾಕಿಕೊಂಡಿದ್ದಾರೆ. "ನಮ್ಮಲ್ಲಿ ಎಣ್ಣೆ ಒರೆಸಿದ್ರೆ ಸಾಕು ಮಾರಾಯ" ಅಂತಾರೆ. ಘಟ್ಟದ ಮೇಲೆ ಮಳೆ ಇದೆ, ಉಪ್ಪಿಲ್ಲ. ಅಲ್ಲಿಯವರಿಗೆ ರಾಡ್ ಬೇಡ ಅಂತ ನಾನು ಹೇಳುವುದಿಲ್ಲ.

ಬೆಲ್ಟ್ ಈ ವಿಷಯದಲ್ಲಿ ಬೇರೆಯೇ ಲೋಕ. 20 ಹಲ್ಲಿನ ಪುಲ್ಲಿಗೆ ಒಂದು ಸುತ್ತು 40 ಮಿ.ಮೀ., ಮಿಲಿಮೀಟರಿಗೆ 80 ಸ್ಟೆಪ್. ಫೋಮಿಗೆ ಭರ್ಜರಿ ಸಾಕು. ಫೈಬರ್‌ಗ್ಲಾಸ್ ಎಳೆಯ ಬೆಲ್ಟೇ ಕೇಳಿ ತಗೊಳ್ಳಿ, ಒಳಗೆ ಉಕ್ಕಿನ ತಂತಿ ಇರುವುದು ಇಲ್ಲಿಗೆ ಬೇಡ. ಗ್ರೀಸ್ ಬೇಡ, ಸದ್ದಿಲ್ಲ, ಪುಡಿ ಅಂಟುವುದಿಲ್ಲ. ಆದರೆ ಮೇಲೆ ಕೆಳಗೆ ಹೋಗುವ ಅಕ್ಷಕ್ಕೆ ಮಾತ್ರ ಬೆಲ್ಟ್ ಹಾಕಲೇಬೇಡಿ. ಕರೆಂಟ್ ಹೋದರೆ ಮೋಟರಿನ ಹಿಡಿತ ತಪ್ಪಿ ಬಿಸಿ ತಂತಿ ಸಮೇತ ಎಲ್ಲ ಕೆಳಗೆ ಜಾರಿ, ಅರ್ಧ ಕತ್ತರಿಸಿದ ರೆಕ್ಕೆಯೊಳಗೆ ಕೂತುಬಿಡುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಗೆ ಅಂತ ಗೊತ್ತಲ್ವಾ.

ಆ ಎತ್ತರದ ಅಕ್ಷಕ್ಕೆ ಸ್ಟೇನ್‌ಲೆಸ್ ಟಿ8 ಸ್ಕ್ರೂ, ಹಿತ್ತಾಳೆ ನಟ್ಟು. ಅದರಲ್ಲೂ ಒಂದು ಸುತ್ತಿನಲ್ಲಿ 8 ಮಿ.ಮೀ. ಹೋಗುವುದು ಭಾರ ಇದ್ದರೆ ತಾನಾಗಿ ಇಳಿಯಬಹುದು, 2 ಮಿ.ಮೀ.ದು ನಿಂತಲ್ಲೇ ನಿಲ್ಲುತ್ತದೆ. ನಾನು ಈಗ ಇಟ್ಟುಕೊಂಡಿರುವುದು ಇದೇ ಜೋಡಿ: ಅಡ್ಡಕ್ಕೆ ಬೆಲ್ಟ್, ಎತ್ತರಕ್ಕೆ 2 ಮಿ.ಮೀ. ಸ್ಕ್ರೂ. ಚೌಕಟ್ಟು ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ, ಈ ತೇವಕ್ಕೆ ಅಂಚು ಊದಿಕೊಳ್ಳುತ್ತದೆ.

ತಂತಿಯಲ್ಲಿ ನೈಕ್ರೋಮ್ (ನಿಕ್ಕಲ್, ಕ್ರೋಮಿಯಂ ಮಿಶ್ರಲೋಹ), ಸ್ಟೇನ್‌ಲೆಸ್ ಎರಡೂ ಕತ್ತರಿಸುತ್ತವೆ. 0.4 ಮಿ.ಮೀ. ನೈಕ್ರೋಮ್ ಮೀಟರಿಗೆ ಸುಮಾರು 8.7 ಓಮ್, ಒಂದು ಮೀಟರ್ ತಂತಿಗೆ 12 ವೋಲ್ಟ್ ಕೊಟ್ಟರೆ 1.4 ಆಂಪಿಯರ್. ಸ್ಟೇನ್‌ಲೆಸ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಜೋಲು ಬಿದ್ದರೆ ರೆಕ್ಕೆಯ ನಡು ಹಾಳು. ನನ್ನ ಮತ ನೈಕ್ರೋಮಿಗೆ, ತುದಿಗೆ ಸ್ಪ್ರಿಂಗ್ ಹಾಕಿ. ತಂತಿ ಕೆಂಪಾಗುವಷ್ಟು ಬಿಸಿ ಬೇಡ. ಮೊನಚಿಕೊಂಡು ಹೋಗುವ ರೆಕ್ಕೆಯಲ್ಲಿ ತುದಿಯ ಕಡೆ ತಂತಿ ನಿಧಾನ ಸಾಗುವುದರಿಂದ ಅಲ್ಲಿ ಫೋಮ್ ಜಾಸ್ತಿ ಕರಗುತ್ತದೆ. ಅದಕ್ಕೇ ತುದಿಯ ನಕ್ಷೆಯನ್ನು ಒಂಚೂರು ದಪ್ಪ ಮಾಡಿ ಇಡುತ್ತೇನೆ.

ಕರೆಂಟಿಗೆ ಟ್ರಾನ್ಸ್‌ಫಾರ್ಮರ್, ಡಿಮ್ಮರ್ ಕಟ್ಟಿದರೆ ಲೈನಿನ ವೋಲ್ಟೇಜ್ ಏರಿಳಿದಂತೆ ತಂತಿಯ ಬಿಸಿಯೂ ಏರಿಳಿಯುತ್ತದೆ. ಎಸ್‌ಎಂಪಿಎಸ್‌ಗೆ (ಕಂಪ್ಯೂಟರಿನಲ್ಲಿರುವಂಥ ಪವರ್ ಸಪ್ಲೈ) ಆ ತೊಂದರೆ ಇಲ್ಲ. ಟ್ರಾನ್ಸ್‌ಫಾರ್ಮರ್ ಬಿಟ್ಟು ಡಿಮ್ಮರಿನಿಂದ ನೇರ 230 ವೋಲ್ಟ್ ತಂತಿಗೆ ಕೊಡುವುದಂತೂ ಪ್ರಾಣಕ್ಕೆ ಅಪಾಯ, ಯಾರು ತೋರಿಸಿಕೊಟ್ಟರೂ ಮಾಡಬೇಡಿ.

ರೆಕ್ಕೆಗೆ ನಾಲ್ಕು ಅಕ್ಷ ಬೇಕು: ತಂತಿಯ ಎರಡೂ ತುದಿಗೆ ಅಡ್ಡಕ್ಕೊಂದು, ಎತ್ತರಕ್ಕೊಂದು. ಮಾಮೂಲಿ ಜಿಆರ್‌ಬಿಎಲ್ ಮೂರನ್ನೇ ನಡೆಸುವುದು, ಆದ್ದರಿಂದ ಆರ್ಡ್ವಿನೋದ್ದೇ ದೊಡ್ಡ ಮೆಗಾ ಬೋರ್ಡ್, ರ‍್ಯಾಂಪ್ಸ್ 1.4 (ಮೆಗಾದ ಮೇಲೆ ಕೂರಿಸಿ ಮೋಟರ್ ಜೋಡಿಸುವ ಬೋರ್ಡ್), ನಾಲ್ಕು ಅಕ್ಷಕ್ಕೆ ತಿದ್ದಿದ ಜಿಆರ್‌ಬಿಎಲ್ ಸಾಕು. ಕತ್ತರಿಸುವಾಗ ಕಿಟಕಿ ತೆರೆದಿರಲಿ, ಸ್ಟೈರೀನ್ ಹೊಗೆ ಒಳ್ಳೆಯದಲ್ಲ. ಪಿವಿಸಿ ಫೋಮ್ ಹಾಳೆಯನ್ನು ಈ ಯಂತ್ರಕ್ಕೆ ಕೊಡಲೇಬಾರದು, ಅದರ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ.